ಇಪ್ಪತ್ತೇಳು ಹೆಚ್ಚುವರಿ ಮಾತ್ರೆಗಳು

ಇದನ್ನು ಹೇಳುವುದು ಸರಿಯೋ ತಪ್ಪೋ ಎಂದು ಮೂರು ವಾರ ಯೋಚಿಸಿದೆ. ವೈದ್ಯಶಾಸ್ತ್ರ ನನಗೆ ತಿಳಿಯದು. ಮೇಲಾಗಿ ಮೆಟೋದಿ ತಾತ ನಮ್ಮ ಮೇಲಿನ ಮಹಡಿಯಲ್ಲೇ ಇದ್ದಾರೆ. ಓದುವವರೂ ಅವರೂ ದಯವಿಟ್ಟು ಕ್ಷಮಿಸಬೇಕು.

ತೊಂದರೆಗೆಲ್ಲ ಕಾರಣ ಒಂದು ಮಾತ್ರೆ ಸೀಸೆ. ವಯಸ್ಸಾದವರ ಮೈಗೆ ಫ್ಲೂ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲವಂತೆ. ದಿನಕ್ಕೊಂದು ವಿಟಮಿನ್ ನುಂಗಿದರೆ ಹಿಡಿದೀತೇ ಎಂದು ನೋಡಲು ಡ್ಯಾನ್ಯೂಬ್ ದಂಡೆಯ ನಮ್ಮೂರಲ್ಲಿ ಒಂದು ಪರೀಕ್ಷೆ ನಡೆದಿತ್ತು. ನಮ್ಮ ಕಟ್ಟಡದಿಂದ ಸೇರಿದವರು ಮೂವರು: ಮೆಟೋದಿ ತಾತ, ಅವರ ಎದುರುಮನೆಯ ಝಿವ್ಕಾ, ಕೆಳಮನೆಯ ಸ್ಪಾಸ್. ಕೆಲವರ ಸೀಸೆಯಲ್ಲಿ ನಿಜವಾದ ವಿಟಮಿನ್, ಕೆಲವರದರಲ್ಲಿ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದು ಎಂಬುದು ಡಾಕ್ಟರಿಗೂ ಗೊತ್ತಿಲ್ಲ. ಕೊನೆಯ ದಿನ ಉಳಿದ ಮಾತ್ರೆ ಎಣಿಸಿ, ರಕ್ತ ತೆಗೆದು, ಲಸಿಕೆ ಹಿಡಿಯಿತೋ ಇಲ್ಲವೋ ಹೇಳುತ್ತಾರೆ.

ಆ ಒಂದು ಉತ್ತರಕ್ಕಾಗಿಯೇ ತಾತ ಸೇರಿದ್ದು. ಹಿಂದಿನ ಚಳಿಗಾಲ ಲಸಿಕೆ ಹಾಕಿಸಿಕೊಂಡೂ ಐದು ವಾರ ಜ್ವರದಲ್ಲಿ ಮಲಗಿದ್ದರು.

ಆ ಕೊನೆಯ ದಿನ ಬೆಳಗ್ಗೆ ತಾತ ಎಣಿಸಿದರೆ, ನಾಲ್ಕು ಉಳಿಯಬೇಕಿದ್ದಲ್ಲಿ ಮೂವತ್ತೊಂದು. ಸೆಪ್ಟೆಂಬರಿನಲ್ಲಿ ಪ್ಲಮ್ ಕೊಯ್ಯಲು ತೋಟಕ್ಕೆ ಹೋದಾಗ ಸೀಸೆ ಮನೆಯಲ್ಲೇ ಉಳಿದುಬಿಟ್ಟಿತ್ತು. ಮೂವತ್ತೆಂಟು ವರ್ಷ ರೈಲ್ವೆ ಸಿಗ್ನಲ್ ಎಳೆದು ಒಂದು ತಪ್ಪೂ ಮಾಡದ ತಾತ, ಹಳಿ ತಪ್ಪಿದ ಗೂಡ್ಸ್ ಗಾಡಿಯಂತೆ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಎಂದು ಹೊರಟರೆ ಬಾಗಿಲಲ್ಲೇ ಝಿವ್ಕಾ ಎದುರಾದಳು.

“ಹೇಳಿದ್ರೆ ಪಟ್ಟಿಯಿಂದ ಕಿತ್ತುಹಾಕ್ತಾರೆ ಮೆಟೋದಿಯಣ್ಣ. ಆಮೇಲೆ ನಿಮ್ಮ ರಕ್ತಾನ ಯಾರೂ ಮೂಸಿ ಕೂಡ ನೋಡಲ್ಲ.”

ಹಾಗಾದರೆ ಹೆಚ್ಚಾದ ಮಾತ್ರೆಗಳು ಮಾಯವಾಗಬೇಕು, ಆದರೆ ಎಸೆಯಲು ತಾತನಿಗೆ ಮನಸ್ಸು ಬರಲಿಲ್ಲ. ಝಿವ್ಕಾ ಹದಿನೈದನ್ನು ಒಯ್ದು ತನ್ನ ಜೆರೇನಿಯಂ ಕುಂಡಗಳಲ್ಲಿ ಹುಗಿದು ಬಂದಳು. ಅಷ್ಟರಲ್ಲಿ ಸ್ಪಾಸ್ ಮೆಟ್ಟಿಲು ಹತ್ತಿ ಬಂದ. ಮಾತ್ರೆಗಳು ಹೇಗೂ ಹೋಗುವುದೇ ಆದರೆ ನಿಜದ್ದೋ ಸುಳ್ಳಿನದೋ ತಿಳಿದೇ ಹೋಗಲಿ ಎಂಬುದು ಅವನ ವಾದ. ವಿಟಮಿನ್ ಆದರೆ ರಾಕಿಯಾದಲ್ಲಿ, ಅಂದರೆ ನಮ್ಮ ಹಣ್ಣಿನ ಸಾರಾಯಿಯಲ್ಲಿ, ಹಳದಿ ಬಣ್ಣ ಬಿಡುತ್ತದಂತೆ. ಇದನ್ನು ಕೇಳಿದ ಮೇಲೆ ಮೂವರಿಗೂ ಕುತೂಹಲ ತಡೆಯಲಾಗಲಿಲ್ಲ. ಇನ್ನೆರಡು ಸೀಸೆಗಳೂ ಬಂದವು, ಅವುಗಳಲ್ಲೂ ಮರೆತ ಮಾತ್ರೆಗಳಿಗೆ ಕೊರತೆ ಇರಲಿಲ್ಲ; ಸೀಸೆಗೊಂದರಂತೆ ಮೂರು ಗ್ಲಾಸುಗಳಿಗೆ ಪ್ಲಮ್ ರಾಕಿಯಾ ಸುರಿದಾಯಿತು. ಒಂದು ಹಾಕಿದರೆ ಕಾಣಲಿಲ್ಲವೆಂದು ಮತ್ತೆರಡು, ಅದೂ ಸಾಲದೆಂದು ಮತ್ತೊಂದು ಹಿಡಿ.

ಕೊನೆಗೆ ಒಂದು ಗ್ಲಾಸು ಹಳದಿಯಾಯಿತು. ಅದು ತನ್ನದೇ, ಈಚೆಗೆ ಮಂಡಿ ನೋವೇ ಇಲ್ಲ ಎಂದಳು ಝಿವ್ಕಾ. ಜಾಗ ಬದಲಾಗಿದೆ ಎಂದರು ತಾತ. ರುಚಿಯಿಂದ ತೀರ್ಮಾನ ಮಾಡುತ್ತೇನೆಂದು ಸ್ಪಾಸ್ ಒಂದೊಂದು ಗುಟುಕು ಕುಡಿದ, ಖಾತ್ರಿಗೆ ಇನ್ನೊಂದೊಂದು. ತೀರ್ಮಾನ ಹೊರಬೀಳುವ ಮೊದಲೇ ಮೂರು ಗ್ಲಾಸೂ ಬರಿದಾಗಿದ್ದವು.

ತಾತನ ಸೀಸೆಯಲ್ಲಿ ಈಗ ಎರಡೇ ಮಾತ್ರೆ. ಝಿವ್ಕಾ ತನ್ನದರಿಂದ ಒಂದು, ಸ್ಪಾಸ್ ಒಂದು ಕೊಟ್ಟು ನಾಲ್ಕು ಮಾಡಿದರು. ಆದರೂ ತಾತನಿಗೆ ನಂಬಿಕೆಯಿಲ್ಲ. ಪ್ರತಿ ಮಹಡಿಯಲ್ಲೂ ನಿಂತು ಎಣಿಸಿದರು. ಬಸ್ ಸ್ಟಾಪಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಮತ್ತೆ ಎಣಿಸಿದರು.

“ನಾಲ್ಕು. ಲೆಕ್ಕ ಸರಿಯಾಗಿದೆ ತಾತ,” ಎಂದರು ಡಾಕ್ಟರ್ ರಾಲಿಟ್ಸಾ. ತಾತ ನೆಟ್ಟಗೆ ಕುಳಿತು ಅಂಗಿಯ ತೋಳು ಮಡಿಸಿದರು. ಡಾಕ್ಟರ್ ಸೂಜಿ ತೆಗೆದುಕೊಳ್ಳುವ ಮುನ್ನ ಸೀಸೆಯ ಮುಚ್ಚಳವನ್ನು ಒಂದು ಸಣ್ಣ ಪೆಟ್ಟಿಗೆಯ ಮೇಲಿಟ್ಟರು. ಉದ್ದನೆಯ ಚೀಟಿಯೊಂದು ಹೊರಬಂತು.

“ಅದೇನಮ್ಮ?”

“ಮುಚ್ಚಳದೊಳಗೆ ಪುಟ್ಟ ಗಡಿಯಾರ ಇದೆ. ಸೀಸೆ ತೆರೆದಾಗಲೆಲ್ಲ ಗುರುತು ಹಾಕ್ಕೊಳ್ಳುತ್ತೆ. ನೀವು ಸಹಿ ಹಾಕಿದ ಕಾಗದದಲ್ಲೇ ಬರೆದಿತ್ತಲ್ಲ.”

ಸಹಿ ಹಾಕಿದ ದಿನ ತಾತ ಕನ್ನಡಕ ತಂದಿರಲಿಲ್ಲ.

ಡಾಕ್ಟರ್ ಚೀಟಿ ಓದಿ ನಿಟ್ಟುಸಿರು ಬಿಟ್ಟರು. “ಸೆಪ್ಟೆಂಬರಿನಲ್ಲಿ ಇಪ್ಪತ್ತೇಳು ದಿನ ತೆರೆದಿಲ್ಲ. ಅದು ಪರವಾಗಿಲ್ಲ ತಾತ, ಮರೆತವರಿಗೆ ಅಂತಲೇ ನಮ್ಮಲ್ಲೊಂದು ಖಾನೆ ಇದೆ. ಆದರೆ ಇವತ್ತು ಎಂಟರಿಂದ ಹತ್ತರೊಳಗೆ ಹತ್ತೊಂಬತ್ತು ಸಲ ತೆರೆದಿದ್ದೀರಿ. ಇದಕ್ಕೆ ಖಾನೆ ಇಲ್ಲ.”

ರಕ್ತ ತೆಗೆಯದೆಯೇ, ತಾತ ಮಡಿಸಿದ್ದ ತೋಳನ್ನು ಡಾಕ್ಟರೇ ಮೆಲ್ಲಗೆ ಇಳಿಸಿದರು. ಹೊರಗೆ ಬೆಂಚಿನ ಮೇಲೆ ಝಿವ್ಕಾ, ಸ್ಪಾಸ್ ತಮ್ಮ ತಮ್ಮ ಸೀಸೆ ಹಿಡಿದು ಸರದಿಗೆ ಕಾದಿದ್ದರು. ಅವರ ಮುಚ್ಚಳಗಳೂ ಬಾಯಿಬಿಟ್ಟು, ಅರ್ಧ ಗಂಟೆಯಲ್ಲಿ ಪಟ್ಟಿಯಲ್ಲಿ ಅವರಿಬ್ಬರ ಹೆಸರಿಗೂ ಗೀಟು ಬಿತ್ತು.

ವಿಟಮಿನ್ ನುಂಗಿದ ಮುದುಕರಿಗೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆಯೇ, ನನಗೆ ಗೊತ್ತಿಲ್ಲ. ತಾತನಿಗೆ ಹಿಡಿದಿದೆಯೇ, ಅದೂ ಗೊತ್ತಿಲ್ಲ. ಯಾರಾದರೂ ಕೆಮ್ಮಿದರೆ ಅವರು ಈಗಲೂ ಮೆಟ್ಟಿಲ ಆಚೆ ಬದಿಗೆ ಸರಿಯುತ್ತಾರೆ. ಹಳದಿ ಗ್ಲಾಸು ಯಾರದೆಂದು ಸ್ಪಾಸನಿಗೂ ನೆನಪಿಲ್ಲ. ಝಿವ್ಕಾಳ ಜೆರೇನಿಯಂ ಮಾತ್ರ ಡಿಸೆಂಬರಿನಲ್ಲೂ ಹೂ ಬಿಟ್ಟಿತು. ಅದು ಮಾತ್ರೆಯಿಂದಲೋ ಕಿಟಕಿಯ ಬಿಸಿಲಿನಿಂದಲೋ, ಹೇಳಲಾರೆ.