ದಮ್ಮಿನ ಮನೆತನ

ಆಸ್ತಿ ಬಿಟ್ಟುಹೋದ ಹಿರಿಯರನ್ನು ಎಲ್ಲರೂ ಕೊಂಡಾಡುತ್ತಾರೆ. ದಮ್ಮು ಬಿಟ್ಟುಹೋದವರ ಹೆಸರನ್ನು ಯಾರೂ ಎತ್ತುವುದಿಲ್ಲ. ನಾನು ಎತ್ತುತ್ತೇನೆ, ಯಾರ ಭಯ? ಬೆಟಗೇರಿಯ ನಮ್ಮ ಮನೆಯಲ್ಲಿ ಅಜ್ಜ ಉಬ್ಬಸಪಡುತ್ತಲೇ ಸೀರೆ ನೇಯ್ದ, ಅಪ್ಪ ನೇಯ್ದ, ನಾನೂ ನೇಯುತ್ತಿದ್ದೇನೆ. ಗದಗಿನ ಡಾಕ್ಟರರು ನನ್ನ ಎದೆ ಪರೀಕ್ಷಿಸಿ, "ಇದು ರಕ್ತದಾಗ ಬಂದದ್ದು. ನೂಲಿನ ಧೂಳು ಅದನ್ನ ಎಬ್ಬಸ್ತೈತಿ, ಅಷ್ಟ" ಎಂದರು. ಆಮೇಲೆ ನನ್ನ ಮಗಳು ಸುಮಾಳನ್ನು ನೋಡಿಯೂ ಅದನ್ನೇ ಅಂದರು. ಮೂಗು ನನ್ನದು, ಹಣೆ ನನ್ನದು, ಉಸಿರಿನ ಕೊಳವೆ ಮಾತ್ರ ಪಕ್ಕದ ಮನೆಯವರದು ಬರುತ್ತದೆಯೇ?

ಇಂಥದ್ದರಲ್ಲಿ ಲಕ್ಷ್ಮೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಪೈಕಿಯವರೇ ಹೆಣ್ಣು ನೋಡಲು ಬರುತ್ತೇವೆಂದು ಖಬರು ಕಳಿಸಿದರು. ನೆಂಟರ ಮದುವೆಯಲ್ಲಿ ನೋಡಿದಾಗಲೇ ಹುಡುಗ ಸುಮಾಳ ಮನಸ್ಸಿಗೆ ಬಂದಿದ್ದ. ಅವರು ಬರುವ ದಿನ ನನ್ನ ಹೆಂಡತಿ ಮೊದಲು ಮಾಡಿದ ಕೆಲಸವೆಂದರೆ ನನ್ನ ಮತ್ತು ಸುಮಾಳ ದಮ್ಮಿನ ಪಂಪುಗಳನ್ನು ಜೋಳದ ಡಬ್ಬಿಯಲ್ಲಿ ಅಡಗಿಸಿದ್ದು. "ಇವತ್ತೊಂದಿನ ಇಬ್ಬರೂ ಕೆಮ್ಮಬ್ಯಾಡ್ರಿ. ದಮ್ಮಿನ ಮನೆತನ ಅಂತ ಗೊತ್ತಾದ್ರ ಎದ್ದು ಹೊಕ್ಕಾರ" ಎಂದಳು. ಕೆಮ್ಮೇನು ಬಾಡಿಗೆಯವನೇ, ಹೊರಗೆ ಹೋಗು ಎಂದರೆ ಹೋಗಲಿಕ್ಕೆ? ಆದರೂ ಮಗಳ ಸಲುವಾಗಿ ಮಗ್ಗ ನಿಲ್ಲಿಸಿ, ಮೂಲೆ ಮೂಲೆಯ ಧೂಳು ಒರೆಸಿದೆ.

ಧೂಳಿನ ಬಂದೋಬಸ್ತಿನಲ್ಲಿ ಒಲೆಯನ್ನೇ ಮರೆತಿದ್ದೆವು. ಬಂದವರಿಗೆ ಬಿಸಿ ಮಿರ್ಚಿ ಭಜಿ ಕೊಡದಿದ್ದರೆ ನಮ್ಮ ಊರಿನ ಮರ್ಯಾದೆ ಏನಾಗಬೇಕು? ಎಣ್ಣೆಯಲ್ಲಿ ಮೆಣಸಿನಕಾಯಿ ಸಿಡಿದು ಘಾಟು ನಡುಮನೆಗೆ ಬಂತು. ಹುಡುಗನ ತಾಯಿ ಒಮ್ಮೆ ಕೆಮ್ಮಿ ಸುಮ್ಮನಾದರು. ಚಹಾ ಹಿಡಿದು ಬಂದ ಸುಮಾ ಶುರುಮಾಡಿದವಳು ನಿಲ್ಲಿಸಲೇ ಇಲ್ಲ.

"ಥಂಡಿ ಆಗೇತ್ರಿ" ಎಂದಳು ನನ್ನ ಹೆಂಡತಿ.

ನನಗೆ ತಡೆಯಲಾಗಲಿಲ್ಲ. ಮಗಳು ಉಸಿರಿಗೆ ಒದ್ದಾಡುವಾಗ ಸುಡುಗಾಡು ಮರ್ಯಾದೆ ಯಾರಿಗೆ ಬೇಕು? "ಪಂಪ್ ತಾ, ಜಲ್ದಿ!" ಎಂದು ಒದರಿದೆ. ಹೆಂಡತಿ ಡಬ್ಬಿಯನ್ನೇ ತಂದಿಟ್ಟಳು. ಸುಮಾ ಎಲ್ಲರ ಎದುರೇ ಪಂಪು ಎಳೆದುಕೊಂಡು, ಸುಧಾರಿಸಿಕೊಂಡು ಹೇಳಿದಳು: "ಥಂಡಿ ಅಲ್ರಿ, ದಮ್ಮು. ಮುತ್ತಜ್ಜನಿಂದ ಬಂದೈತಿ, ನನಗೇನ್ ನಾಚಿಕಿಲ್ಲ. ನಿಮ್ಮ ಮನಿಗೆ ಬಂದ್ರ ಪಂಪ್ ತಗೊಂಡ ಬರ್ತೇನಿ. ಬ್ಯಾಡಂದ್ರ ಮಿರ್ಚಿ ತಿಂದು ಹೋಗ್ರಿ."

"ಶಭಾಷ್!" ಎಂದೆ ನಾನು. ಹೆಂಡತಿ ತಲೆಯ ಮೇಲೆ ಕೈಹೊತ್ತಳು.

ಹುಡುಗನ ತಾಯಿ ನಿಧಾನವಾಗಿ ಮಿರ್ಚಿ ಕಡಿದರು. "ದಮ್ಮು ಇರ್ಲಿ ಬಿಡವಾ, ಅದಕ್ಕ ಪಂಪ್ ಐತಿ. ಈ ಬಾಯಿ ಯಾರಿಂದ ಬಂತು, ಅದನ್ನ ಹೇಳು."

ನನ್ನ ಹೆಂಡತಿ ನನ್ನ ಕಡೆ ಕೈ ಮಾಡಿ ತೋರಿಸಿದಳು.

"ನಂದೇನ್ ಬಾಯಿ? ನಾ ಯಾವತ್ತರ ಯಾರಿಗರ..." ಎಂದು ಗದರುತ್ತ ಎದ್ದೆ. ಅಷ್ಟಕ್ಕೇ ಉಸಿರು ಸಿಕ್ಕಿಕೊಂಡಿತು. ಹುಡುಗ ಎದ್ದು ಬಂದು ಡಬ್ಬಿಯಿಂದ ನನ್ನ ಪಂಪು ತೆಗೆದು, ಜೋಳ ಝಾಡಿಸಿ, ನನ್ನ ಬಾಯಿಗಿಟ್ಟ. "ಈಗ ಮಾತಾಡಬ್ಯಾಡ್ರಿ, ಮಾವಾರ" ಎಂದ.

ನನ್ನ ಮನೆಯಲ್ಲೇ ನನಗೆ ಬಾಯಿ ಮುಚ್ಚು ಎಂದವರು ಇದುವರೆಗೆ ಯಾರೂ ಇರಲಿಲ್ಲ. ಏನು ಮಾಡಲಿ, ಅಳಿಯನಾಗುವವನು, ಮುಚ್ಚಿಕೊಂಡೆ.