ನನಗೆ ಕೊಟ್ಟ ಬ್ರೇಕು

ಅಥವಾ ಅದು ಎರಡನೆಯ ಬ್ರೇಕೇ ಇರಬಹುದು. ಮೂರನೆಯದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಹೇಳಿ ಹೇಳಿ ಅದು ಮೂರನೆಯದೇ ಆಗಿಬಿಟ್ಟಿದೆ. ಟೈಮ್ ಆಫೀಸಿನಲ್ಲಿ ಕೂತು ವರ್ಷಗಟ್ಟಲೆ ಬೇರೆಯವರ ಹಾಜರಿ ಬರೆದವನು ನಾನು. ನಡೆದದ್ದಕ್ಕೂ ಬರೆದಿಟ್ಟದ್ದಕ್ಕೂ ಎಷ್ಟು ದೂರವಿರುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ದರಿಂದ ಇಲ್ಲಿನ ಅಂಕಿಗಳನ್ನು ಓದುವವರು ಸ್ವಲ್ಪ ಸಡಿಲವಾಗಿಯೇ ಹಿಡಿದುಕೊಳ್ಳಬೇಕು. ತೊಂಬತ್ತರ ದಶಕದ ನಡುವಿನ ವರ್ಷಗಳು, ಪೀಣ್ಯದಲ್ಲಿ ವಾಲ್ವ್ ತಯಾರಿಸುವ ಒಂದು ಕಾರ್ಖಾನೆ, ನಾನು ಅಲ್ಲಿ ಟೆಂಪರರಿ ಗುಮಾಸ್ತ. ಇಷ್ಟಕ್ಕೆ ಮಾತ್ರ ನನ್ನ ಜವಾಬ್ದಾರಿ.

ಬ್ರೇಕ್ ಎಂಬ ಒಂದೇ ಇಂಗ್ಲಿಷ್ ಪದ ಆ ಕಾರ್ಖಾನೆಯ ಅರ್ಧ ವ್ಯವಹಾರವನ್ನು ನಡೆಸುತ್ತಿತ್ತು. ಬೆಳಿಗ್ಗೆ ಟೀ ಬ್ರೇಕ್, ಮಧ್ಯಾಹ್ನ ಲಂಚ್ ಬ್ರೇಕ್. ಡ್ರಿಲ್ ತುಂಡಾದರೆ ಟೂಲ್ ಬ್ರೇಕ್. ಯಂತ್ರ ನಿಂತರೆ ಬ್ರೇಕ್‌ಡೌನ್, ಅದಕ್ಕೊಂದು ಕೆಂಪು ರಟ್ಟಿನ ರಿಜಿಸ್ಟರು. ನಮ್ಮ ಷಡ್ಡಕನೊಬ್ಬನಿದ್ದ, ನಾಟಕದ ಹುಚ್ಚಿನವನು. ಟಿ.ವಿ. ಧಾರಾವಾಹಿಯಲ್ಲಿ ತನಗೊಂದು ಬ್ರೇಕ್ ಸಿಗಲಿ ಎಂದು ಹರಕೆ ಹೊತ್ತಿದ್ದ. ಅವನಿಗೆ ಸಿಗಲಿಲ್ಲ, ನನಗೆ ತಪ್ಪದೆ ಸಿಗುತ್ತಿತ್ತು. ಕನ್ನಡದಲ್ಲಿ ನಾವು ಇಷ್ಟು ಧಾರಾಳಿಗಳಲ್ಲ. ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ದಾರ ಕಡಿದುಹೋಗುತ್ತದೆ, ಬಟ್ಟೆ ಹರಿಯುತ್ತದೆ. ಮಡಕೆ ಹರಿಯಿತು ಎಂದರೆ ಮಾತು ಕಲಿಯುತ್ತಿರುವ ಮಗುವೂ ನಗುತ್ತದೆ. ಹಾಲು ಒಡೆದರೆ ಗೃಹಿಣಿಗೆ ಸಂಕಟ, ಮೈ ಮುರಿದರೆ ಸೋಮಾರಿಗೆ ಸುಖ. ಇಷ್ಟೆಲ್ಲ ಕ್ರಿಯಾಪದಗಳನ್ನು ಇಟ್ಟುಕೊಂಡೂ, ಪೀಣ್ಯದಲ್ಲಿ ನಮಗೆ ಆಗುತ್ತಿದ್ದದ್ದಕ್ಕೆ ಒಂದೂ ಒಗ್ಗುತ್ತಿರಲಿಲ್ಲ. ಕೆಲಸ ಒಡೆಯುತ್ತಿರಲಿಲ್ಲ, ಮುರಿಯುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ಬ್ರೇಕ್ ಕೊಡುತ್ತಿದ್ದರು, ಅಷ್ಟೆ. ಅದಕ್ಕೆ ಯಾವಾಗಲೂ 'ಕೊಡು' ಎಂಬ ಕ್ರಿಯಾಪದ. ಬೋನಸ್ ಕೊಟ್ಟ ಹಾಗೆ, ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಟ್ಟ ಹಾಗೆ.

ಸಂಗತಿ ಇಷ್ಟೆ. ಟೆಂಪರರಿ ಕೆಲಸಗಾರ ಇನ್ನೂರ ನಲವತ್ತು ದಿನ ಒಂದೇ ಸಮನೆ ದುಡಿದರೆ ಆಮೇಲೆ ಅವನನ್ನು ತೆಗೆಯುವುದು ಕಷ್ಟ, ಖಾಯಂ ಮಾಡಿ ಎಂದು ಅವನು ಕೇಳಬಹುದು ಎಂಬ ಭಯ ಮಾಲೀಕರಿಗೆ. ಅದಕ್ಕಾಗಿ ಆ ಗಡಿ ಮುಟ್ಟುವ ಮೊದಲೇ ಅವನನ್ನು ಹತ್ತು ಹದಿನೈದು ದಿನ ಮನೆಗೆ ಕಳಿಸಿ, ಆಮೇಲೆ ಹೊಸಬನೆಂದು ಕರೆದುಕೊಳ್ಳುತ್ತಿದ್ದರು. ಹೊಸ ಅರ್ಜಿ, ಹೊಸ ಟೋಕನ್ ನಂಬರು, ಹೊಸ ಹಾಜರಿ ಕಾರ್ಡು. ಬ್ರೇಕ್ ಪಟ್ಟಿ ಟೈಪ್ ಮಾಡುವುದು ನನ್ನ ಕೆಲಸ. ನನ್ನ ಹೆಸರನ್ನೂ ನಾನೇ ಟೈಪ್ ಮಾಡುತ್ತಿದ್ದೆ. ನಾಗರಾಜ ಎಂದು ಬರುವಾಗ ಕೈ ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಡುಗಲಿಲ್ಲ. ಕಾರ್ಬನ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದೆ.

ವಾಪಸು ಬಂದಾಗ ಸಂದರ್ಶನವೂ ಇರುತ್ತಿತ್ತು. ಪರ್ಸೊನೆಲ್ ಆಫೀಸರ್ ಮೂರ್ತಿಯವರು ಬ್ರೇಕಿನ ಹಿಂದಿನ ದಿನದವರೆಗೂ ನನ್ನ ಡಬ್ಬಿಯ ಉಪ್ಪಿನಕಾಯಿ ತಿಂದವರು. ಈಗ ಕನ್ನಡಕ ಏರಿಸಿ, "ನಿಮ್ಮ ಹೆಸರು?" ಎನ್ನುತ್ತಿದ್ದರು.

"ನಾಗರಾಜ ಸಾರ್."

"ಮುಂಚೆ ಎಲ್ಲಾದ್ರೂ ಕೆಲಸ ಮಾಡಿದ ಅನುಭವ ಇದೆಯಾ?"

ಇದಕ್ಕೆ ಸರಿಯಾದ ಉತ್ತರ 'ಇಲ್ಲ'. ರಾಣೆಬೆನ್ನೂರಿನ ಕಡೆಯ ಟರ್ನರ್ ಶಿವಲಿಂಗಪ್ಪ ಮಾತ್ರ ಒಮ್ಮೆ, "ಅನುಭವ ಇಲ್ರೀ ಸಾಹೇಬ್ರ. ಆದ್ರ ನಿಮ್ಮ ಫ್ಯಾನಿನ ಮೂರನೇ ಸ್ಪೀಡು ಕೆಟ್ಟೈತಿ ಅನ್ನೋದು ಗೊತ್ತೈತಿ" ಅಂದಿದ್ದನಂತೆ. ಮೂರ್ತಿಯವರು ಫ್ಯಾನನ್ನು ಒಮ್ಮೆ ನೋಡಿ, ಮುಂದಿನವರನ್ನು ಕಳಿಸಿ ಎಂದರಂತೆ. ಇದನ್ನು ನಾನು ಕಣ್ಣಾರೆ ಕಂಡವನಂತೆ ಎಷ್ಟೋ ಕಡೆ ವರ್ಣಿಸಿದ್ದೇನೆ. ಆಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ನನ್ನ ಸರದಿ ಬಂದಿರಲಿಲ್ಲ.

ನಗಲು ಇಷ್ಟು ಸಾಕು. ಮನೆಯಲ್ಲಿ ಅದು ಬೇರೆ ಥರ ಇತ್ತು. ದಾಸರಹಳ್ಳಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು, ನನ್ನ ಹೆಂಡತಿ ಗಿರಿಜೆ. 'ಹುಡುಗ ಇನ್ನೇನು ಖಾಯಂ ಆಗ್ತಾನೆ' ಎಂಬ ಮಾತಿನ ಮೇಲೆ ಕೊಟ್ಟ ಹೆಣ್ಣು. ನಮ್ಮ ಮನೆಯಲ್ಲಿ ಎಲ್ಲವೂ ಖಾಯಂ ಆದ ಮೇಲೆ. ಮಂಚ ಖಾಯಂ ಆದ ಮೇಲೆ, ಕಿಟಕಿಗೆ ಪರದೆ ಖಾಯಂ ಆದ ಮೇಲೆ. ಮಗುವಿನ ಮಾತು ಬಂದಾಗಲೂ ಗಿರಿಜೆ ಅದನ್ನೇ ಅನ್ನುತ್ತಿದ್ದಳು, ಆದರೆ ಮುಖ ಆ ಕಡೆ ತಿರುಗಿಸಿ. ಬ್ರೇಕಿನ ದಿನಗಳಲ್ಲಿ ಮನೆ ಓನರಮ್ಮನಿಗೆ ತಿಳಿಯಬಾರದೆಂದು ನಾನು ಡಬ್ಬಿ ಹಿಡಿದು ಎಂಟು ಗಂಟೆಗೇ ಹೊರಡುತ್ತಿದ್ದೆ. ಜಾಲಹಳ್ಳಿ ಕ್ರಾಸಿನವರೆಗೆ ನಡೆದು, ಒಂದು ಮರದ ಕೆಳಗೆ ಕೂತು, ಸರಿಯಾಗಿ ಹನ್ನೆರಡೂವರೆಗೆ ಡಬ್ಬಿ ಬಿಚ್ಚುತ್ತಿದ್ದೆ. ಕೆಲಸವಿಲ್ಲದಾಗಲೂ ಲಂಚ್ ಬ್ರೇಕ್ ತಪ್ಪಿಸಿದವನಲ್ಲ.

ಆ ಮೂರನೆಯ ಬ್ರೇಕಿನಲ್ಲಿ (ಎರಡನೆಯದೇ ಇರಲಿ) ವಾಚ್‌ಮನ್ ಹನುಮಂತಪ್ಪ ಸೈಕಲ್ಲಿನಲ್ಲಿ ಹುಡುಕಿಕೊಂಡು ಆ ಮರದ ಕೆಳಕ್ಕೇ ಬಂದ. "ಮೂರ್ತಿ ಸಾಯೇಬ್ರು ಕರೀತಾವ್ರೆ. ಇಂದ್ಗಡೆ ಗೇಟಲ್ಲಿ ಬರ್ಬೇಕಂತೆ" ಅಂದ. ಹೋದೆ. ತಿಂಗಳ ಕೊನೆ, ಇಡೀ ಕಾರ್ಖಾನೆಯ ಹಾಜರಿ ಒಟ್ಟು ಹಾಕಬೇಕು, ನನ್ನ ಬದಲಿಗೆ ಕೂತವನಿಗೆ ತಲೆಬುಡ ತಿಳಿದಿರಲಿಲ್ಲ.

"ಮೂರು ದಿನ ಕೂತು ಮುಗಿಸಿಕೊಡ್ರೀ," ಅಂದರು ಮೂರ್ತಿಯವರು. "ಆದ್ರೆ ನೀವು ಬಂದಿಲ್ಲ ಅಂತ ತಿಳ್ಕೊಳಿ."

"ಬಂದಿದ್ದೀನಲ್ಲ ಸಾರ್?"

"ಅದೇ ಹೇಳ್ತಿರೋದು. ಬಂದಿಲ್ಲ."

ಹೀಗೆ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದನ್ನು ಮೂರು ದಿನ ಕೂತು ಲೆಕ್ಕ ಹಾಕಿದವನು ಸ್ವತಃ ಬಂದಿರಲಿಲ್ಲ. ಕೂಲಿಯ ಬದಲು ಕ್ಯಾಂಟೀನಿನ ಊಟ ಸಿಕ್ಕಿತು. ಎರಡನೆಯ ದಿನ ಬಿಸಿಬೇಳೆಬಾತ್ ಇತ್ತು ಎಂಬುದು ಸ್ಪಷ್ಟವಾಗಿ ನೆನಪಿದೆ. ನೆನಪು ಇಂಥದ್ದನ್ನೇ ಜೋಪಾನ ಮಾಡುತ್ತದೆ.

ಬ್ರೇಕ್ ಮುಗಿದು ಎಲ್ಲರೂ ಹೊಸಬರಾಗಿ ಸೇರಿದ ಮೇಲೆ ಒಂದು ದಿನ ಶಿವಲಿಂಗಪ್ಪ ಟೈಮ್ ಆಫೀಸಿನ ಕಿಟಕಿಗೆ ಬಂದ. ಅವನೂ ಇನ್ನು ಹನ್ನೊಂದು ಜನರೂ ಸೇರಿ, ಖಾಯಂ ಮಾಡಿ ಎಂದು ಲೇಬರ್ ಆಫೀಸಿಗೆ ಅರ್ಜಿ ಹಾಕಿದ್ದರು.

"ನಾಗರಾಜ ಅವ್ರ, ಬ್ರೇಕಿನ್ಯಾಗ ನೀವು ಒಳಗ ಬಂದು ಕೆಲಸಾ ಮಾಡೀರಿ. ಹನುಮಂತಪ್ಪ ಹೇಳ್ಯಾನ. ಬರೂ ಮುಂದ ಕಾರ್ಡು ಪಂಚ್ ಮಾಡಿದ್ರೇನು?"

"ಗೊತ್ತಿಲ್ಲಪ್ಪ. ಯಾಕೆ?"

"ಕಾರ್ಡಿನ ಮ್ಯಾಲೆ ಮುದ್ರಿ ಬಿದ್ದಿದ್ರ ನಿಮ್ಮ ಬ್ರೇಕ್ ಸುಳ್ಳಂತ ಆತು. ಒಬ್ಬರದು ಸುಳ್ಳಾದ್ರ ಎಲ್ಲಾರದೂ ಸುಳ್ಳಂತ ವಾದಾ ಮಾಡತೇನಿ ಅಂದಾರ ವಕೀಲ್ರು. ನೀವೂ ಖಾಯಂ, ನಾವೂ ಖಾಯಂ."

ಗೊತ್ತಿಲ್ಲ ಎಂದು ನಾನು ನಿಜವನ್ನೇ ಹೇಳಿದ್ದೆ. ಕಾರ್ಡಿನ ಮೇಲೆ ತಾರೀಖು, ಗಂಟೆ ಒತ್ತುವ ಪಂಚಿಂಗ್ ಮಿಷನ್ನು ಟೈಮ್ ಆಫೀಸಿನ ಬಾಗಿಲ ಪಕ್ಕದಲ್ಲೇ ಇತ್ತು. ಬ್ರೇಕಿನವರ ಕಾರ್ಡುಗಳನ್ನು ರ್‍ಯಾಕಿನಿಂದ ತೆಗೆದಿಡುವುದು ನನ್ನ ಕೆಲಸ. ನಾನೇ ಬ್ರೇಕಿನಲ್ಲಿದ್ದದ್ದರಿಂದ ಯಾರೂ ತೆಗೆದಿರಲಿಲ್ಲ, ನನ್ನ ಕಾರ್ಡು ಅಲ್ಲೇ ಇತ್ತು. ಒಳಗೆ ಹೋಗುವಾಗ ಕೈ ತಾನೇ ಚಾಚಿ ಅದನ್ನು ಮಿಷನ್ನಿಗೆ ಕೊಟ್ಟಿರಬಹುದು. ನಾನು ಬಂದಿಲ್ಲ ಎಂಬುದನ್ನು ಕೈಗೆ ಯಾರೂ ಹೇಳಿರಲಿಲ್ಲ. ಆಮೇಲೆ ಹಳೆಯ ಕಾರ್ಡುಗಳೆಲ್ಲ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಬೀರು ಸೇರಿದ್ದವು. ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು.

"ನೋಡ್ತೀನಿ," ಅಂದೆ.

ಎರಡು ದಿನ ನೋಡಲಿಲ್ಲ. ಕೆಲಸ ಬಹಳವಿತ್ತು ಎಂದು ಆಗ ಅಂದುಕೊಂಡೆ. ಮೂರನೆಯ ದಿನ ಮೂರ್ತಿಯವರು ಕರೆದು, ತಲೆ ಎತ್ತದೆ, "ಬ್ರೇಕಿನವರ ಹಳೇ ಕಾರ್ಡೆಲ್ಲ ತಂದ್ಕೊಡ್ರೀ. ಆಮೇಲೆ, ನಿಮ್ಮ ಕನ್ಫರ್ಮೇಷನ್ ವಿಚಾರ ಡೈರೆಕ್ಟರ್ ಹತ್ರ ಮಾತಾಡ್ತಿದ್ದೀನಿ" ಅಂದರು. ಎರಡು ಬೇರೆ ಬೇರೆ ವಾಕ್ಯಗಳು. ಅವೆರಡಕ್ಕೂ ಸಂಬಂಧವಿದೆ ಎಂದು ಅವರು ಹೇಳಲಿಲ್ಲ, ಇದೆಯೇ ಎಂದು ನಾನು ಕೇಳಲಿಲ್ಲ. ಬೀರು ತೆಗೆದು ಕಟ್ಟನ್ನು ಕೊಂಡುಹೋಗಿ ಕೊಟ್ಟೆ. ಬೀರುವಿನಿಂದ ಅವರ ಕೋಣೆಗೆ ಮೂವತ್ತು ಹೆಜ್ಜೆ. ನನ್ನ ಕಾರ್ಡು ಮೇಲಿನಿಂದ ನಾಲ್ಕನೆಯದೋ ಐದನೆಯದೋ. ತಿರುಗಿಸಿ ನೋಡಲು ಅರ್ಧ ಹೆಜ್ಜೆಯಷ್ಟು ಹೊತ್ತು ಸಾಕಿತ್ತು. ನೋಡಲಿಲ್ಲ.

ಶಿವಲಿಂಗಪ್ಪ ಮತ್ತೆ ಬಂದ. ಕಾರ್ಡು ಈಗ ನನ್ನ ಹತ್ತಿರ ಇಲ್ಲ ಅಂದೆ.

"ಹೋಗ್ಲಿ. ಮುದ್ರಿ ಇತ್ತೋ ಇಲ್ಲೋ, ಅಷ್ಟ ಹೇಳ್ರಿ. ನೀವು ಬಂದು ಬಾಯಿಲೆ ಹೇಳಿದ್ರೂ ಸಾಕಂತ."

"ನಾನು ನೋಡಿಲ್ಲ."

ಅವನು ಕಿಟಕಿಯ ಸರಳಿನಿಂದ ಕೈ ತೆಗೆದ. "ಆತು ಬಿಡ್ರಿ. ನೋಡದಿದ್ದದ್ದು ನೀವರ ಹೆಂಗ ಹೇಳ್ತೀರಿ," ಅಂದ. ಚುಚ್ಚಿ ಅಂದನೋ, ನಂಬಿ ಅಂದನೋ ತಿಳಿಯಲಿಲ್ಲ. ಅವರ ಕಡೆಯ ಮಾತು ನನ್ನಂಥವರ ಕಿವಿಗೆ ಎಲ್ಲವೂ ಒಂದೇ ಗಡುಸಾಗಿ ಕೇಳುತ್ತದೆ.

ಬ್ರೇಕ್ ಸುಳ್ಳೆಂಬುದಕ್ಕೆ ಆಧಾರವಿಲ್ಲವೆಂದು ಅರ್ಜಿ ಬಿದ್ದುಹೋಯಿತು. ಮುಂದಿನ ಬ್ರೇಕಿಗೆ ಹೋದ ಆ ಹನ್ನೆರಡು ಜನರನ್ನು ಸಂದರ್ಶನಕ್ಕೆ ಕರೆಯಲಿಲ್ಲ. ಆ ಸಲದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅದರ ಬದಲು ಇನ್ನೊಂದು ಕಾಗದ ಟೈಪ್ ಮಾಡಲು ಕೊಟ್ಟರು, ನನ್ನನ್ನು ಖಾಯಂ ಮಾಡಿದ ಆದೇಶ. ಅದನ್ನೂ ಕಾರ್ಬನ್ ಹಾಕಿ ನಾನೇ ಟೈಪ್ ಮಾಡಿದೆ. ಆ ಭಾನುವಾರ ಗಿರಿಜೆ ಕಿಟಕಿಗೆ ಹಳದಿ ಹೂವಿನ ಪರದೆ ತಂದಳು. ಮುಂದಿನ ವರ್ಷ ಮಗಳು ಹುಟ್ಟಿದಳು.

ಇತ್ತೀಚೆಗೆ ಆ ಮಗಳಿಗೆ ಈ ಕತೆ ಹೇಳುತ್ತಿದ್ದೆ. ಫ್ಯಾನಿನ ಮಾತಿಗೆ ಅವಳು ನಕ್ಕಳು, 'ಬಂದಿಲ್ಲ' ಎನ್ನುವಲ್ಲಿ ಇನ್ನೂ ನಕ್ಕಳು. ಕಾರ್ಡಿನ ಕಟ್ಟು ಹಿಡಿದು ಮೂವತ್ತು ಹೆಜ್ಜೆ ನಡೆದದ್ದಕ್ಕೆ ಬಂದೆ. ಅವರೆಕಾಯಿ ಸುಲಿಯುತ್ತಿದ್ದ ಗಿರಿಜೆ, ಕೈ ನಿಲ್ಲಿಸದೆ, "ನೋಡಿದ್ರಲ್ಲ ನೀವು," ಅಂದಳು.

"ನಾನೆಲ್ಲಿ ನೋಡಿದೆ?"

"ಅವತ್ತು ಸಾಯಂಕಾಲ ಬಂದವರು ಶರ್ಟ್ ಬಿಚ್ಚುತ್ತಾ ಹೇಳಿದ್ರಿ. ಮೂರು ದಿನದ್ದೂ ಮುದ್ರೆ ಬಿದ್ದಿತ್ತು ಕಣೇ, ಅಂತ. ಆಮೇಲೆ ಊಟ ಬೇಡ ಅಂದ್ರಿ."

ಮಗಳು ನನ್ನ ಮುಖ ನೋಡಿದಳು. ನಾನು ಗಿರಿಜೆಯ ಮುಖ ನೋಡಿದೆ. ಅವಳು ಅವರೆಕಾಯಿಯನ್ನು ನೋಡುತ್ತಿದ್ದಳು. ಇದನ್ನು ಅವಳು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಬಹುದಿತ್ತು, ಕೇಳಲಿಲ್ಲ.

ಊಟ ಬೇಡವೆಂದ ರಾತ್ರಿ ಯಾವುದೂ ನನಗೆ ನೆನಪಿಲ್ಲ. ನೋಡಲಿಲ್ಲ ಎಂಬುದನ್ನು ಶಿವಲಿಂಗಪ್ಪನಿಗೆ ಒಮ್ಮೆ ಹೇಳಿದೆ, ಆಮೇಲೆ ಬೇರೆಯವರಿಗೆ ನೂರು ಸಲ ಹೇಳಿದೆ. ಮೊದಲ ಸಲ ಹೇಳುವಾಗ ಅದು ನಿಜವಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.