ಗಂಡನ ಅನುಮತಿಯಿಲ್ಲದೆ ಮಹಿಳಾ ಡಕಾಯಿತರು ರೈಲು ದೋಚುವುದನ್ನು ನಿರ್ಬಂಧಿಸುವ ಕುರಿತು

ಸದಾಚಾರ ಮತ್ತು ಮನರಂಜನೆ ಇಲಾಖೆ
ಅಲ್ಮೆರಿಯಾ ಪ್ರಾಂತ್ಯ

ಸಂಖ್ಯೆ: ಸಮಇ/ಕುದುರೆ/ಲಂಗ/14/1971
ದಿನಾಂಕ: 19 ಜೂನ್ 1971

ಸುತ್ತೋಲೆ

ವಿಷಯ: ತಾಬೆರ್ನಾಸ್ ಬಯಲಿನಲ್ಲಿ ಇಟಲಿಯ ಕಂಪನಿಯೊಂದು ತೆಗೆಯುತ್ತಿರುವ ಹಾಸ್ಯ ಚಿತ್ರದ ನಾಲ್ವರು ಡಕಾಯಿತೆಯರ ನಡತೆ.

ಉಲ್ಲೇಖ: (1) ಇದೇ ಇಲಾಖೆಯ ಮೇ ತಿಂಗಳ ಸುತ್ತೋಲೆ (ಯಾರೂ ಓದಿಲ್ಲ). (2) ಊರಿನ ಪಾದ್ರಿಗಳ ಮೌಖಿಕ ಅಸಮಾಧಾನ.

ಪ್ರಸ್ತಾವನೆ: ಸದರಿ ಚಿತ್ರದ ನಾಯಕಿಗೆ ಕುದುರೆ ಕಂಡರೆ ಆಗುವುದಿಲ್ಲ. ಅವರ ಬದಲಿಗೆ ಸವಾರಿ ಮಾಡಲು, ಹೇಸರಗತ್ತೆಯ ಮೇಲೆ ಊರೂರಿಗೆ ನೀರು ಹೊರುವ ಕಾಸಿಲ್ಡಾ ಎಂಬ ವಿವಾಹಿತೆಯನ್ನು ಕಂಪನಿಯು ಆರಿಸಿತು. ಮುಂದಿನ ಚಿತ್ರಕ್ಕೆ ರೋಮ್‌ಗೂ ಕರೆಯಿತು. ಆಕೆ ಹೋಗಲು ತುದಿಗಾಲಲ್ಲಿ ನಿಂತಿದ್ದರು. ಆದರೆ ಗಂಡನ ಸಹಿಯಿಲ್ಲದೆ ಹೆಂಡತಿಗೆ ಕೆಲಸವೂ ಇಲ್ಲ, ಪಾಸ್‌ಪೋರ್ಟೂ ಇಲ್ಲ ಎಂಬುದು ದೇಶದ ಕಾನೂನು. ಗಂಡ, ಕ್ಷೌರಿಕ ಎವಾರಿಸ್ತೊ, ಸಹಿ ಹಾಕಲಿಲ್ಲ. ಇದರಿಂದ ಉದ್ಭವಿಸಿದ ಗೊಂದಲದ ಹಿನ್ನೆಲೆಯಲ್ಲಿ ಮೇ ತಿಂಗಳ ನಿಯಮಗಳನ್ನು (1ರಿಂದ 4) ಮತ್ತೊಮ್ಮೆ ಗಮನಕ್ಕೆ ತಂದು, ತದನಂತರ ನಡೆದದ್ದನ್ನು ದಾಖಲಿಸಲಾಗಿದೆ.

1. ರೈಲು, ಬ್ಯಾಂಕು ಇತ್ಯಾದಿ ದೋಚಲಿಚ್ಛಿಸುವ ಮಹಿಳೆಯು ಗಂಡನ ಲಿಖಿತ ಅನುಮತಿ ಪಡೆಯತಕ್ಕದ್ದು. ಕನ್ಯೆಯಾದಲ್ಲಿ ತಂದೆಯ, ವಿಧವೆಯಾದಲ್ಲಿ ಪಾದ್ರಿಗಳ ಅನುಮತಿ ಸಾಕು. ಕಥೆಯಲ್ಲಿ ಗಂಡನನ್ನೇ ಗುಂಡಿಕ್ಕಿ ಕೊಲ್ಲುವುದಿದ್ದರೆ, ಸಹಿಯನ್ನು ಮುಂಚಿತವಾಗಿ ಪಡೆದಿರತಕ್ಕದ್ದು.

2. ಅನುಮತಿ ದೊರೆಯದಿದ್ದಲ್ಲಿ ಗಂಡಸರು ಲಂಗ ತೊಟ್ಟು ಸವಾರಿ ಮಾಡಬಹುದು. ಮೀಸೆ ತೆಗೆಯತಕ್ಕದ್ದಲ್ಲ, ಅದು ಕುಟುಂಬದ ಗೌರವ. ಕರವಸ್ತ್ರದಿಂದ ಮುಚ್ಚಿಕೊಳ್ಳುವುದು.

3. ಗುಡ್ಡದ ಮೇಲೆ ಕಾವಲಿರುವ ಸಿವಿಲ್ ಗಾರ್ಡ್ ಪೊಲೀಸ್ ಸಿಬ್ಬಂದಿಗೆ ಯಾರು ಯಾರೆಂದು ತಿಳಿಯದ ಕಾರಣ, ಚಿತ್ರೀಕರಣದ ಸ್ಥಳದಲ್ಲಿ ಲಂಗ ತೊಟ್ಟವರನ್ನು ಹೆಂಡತಿ ಎಂದೂ, ಪ್ಯಾಂಟು ತೊಟ್ಟವರನ್ನು ಗಂಡ ಎಂದೂ ಪರಿಗಣಿಸತಕ್ಕದ್ದು. ಮೀಸೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗುವುದಿಲ್ಲ.

4. ಮಧ್ಯಾಹ್ನದ ನಿದ್ದೆಯ ವೇಳೆಯಲ್ಲಿ ದರೋಡೆ ನಿಷಿದ್ಧ. ಹಳಿಗೆ ಕಟ್ಟಿದವರನ್ನು ಬಿಚ್ಚಿ, ಹುರಿದ ರೊಟ್ಟಿಪುಡಿಯ ಮಿಗಾಸ್ ತಿನ್ನಿಸಿ, ಮಲಗಿಸಿ, ಎದ್ದ ಮೇಲೆ ಅದೇ ಗಂಟು ಹಾಕಿ ಮತ್ತೆ ಕಟ್ಟತಕ್ಕದ್ದು. ಸತ್ತವರು ನೆರಳಿಗೆ ಸರಿದುಕೊಳ್ಳಬಹುದು.

5. ನಿಯಮ 2ರ ಮೇರೆಗೆ ಎವಾರಿಸ್ತೊ ತಾನೇ ಮುಂದೆ ಬಂದದ್ದು ದಾಖಲಾಗಿದೆ. ಆತನ ಹೇಳಿಕೆ: “ನನ್ನ ಹೆಂಡ್ತಿ ಊರೆಲ್ಲಾ ನೋಡೋ ಹಂಗೆ ಕುದುರೆ ಏರೋದು ಬೇಡ. ಬೇಕಾದ್ರೆ ಲಂಗ ನಾನೇ ಉಟ್ಕೋತೀನಿ.” ಕಂಪನಿಯ ಲಂಗ ಸೊಂಟಕ್ಕೆ ಬಾರದ ಕಾರಣ, ಹೆಂಡತಿಯ ಒಂದೇ ಒಂದು ಒಳ್ಳೆಯ ಲಂಗವನ್ನು ಉಟ್ಟು ಹೋದನು. ಆಕೆ ಆತನ ಪ್ಯಾಂಟು ತೊಟ್ಟು, ಆತನಿಗೇ ಬುತ್ತಿ ತಂದರು.

6. ರೈಲು ದೋಚುವ ದೃಶ್ಯದಲ್ಲಿ ಇಂಜಿನ್ನು ಸಿಳ್ಳೆ ಹಾಕಲಾಗಿ, ಕುದುರೆಯು ಬೆದರಿ ಎವಾರಿಸ್ತೊ ಸಮೇತ ಕಮರಿಯ ಕಡೆಗೆ ಓಡಿತು. ಕಾಲಿಡುವ ರಿಕಾಪಿಗೆ ಲಂಗ ಸಿಕ್ಕಿಕೊಂಡಿದ್ದರಿಂದ ಆತನಿಗೆ ಬೀಳುವ ಸೌಲಭ್ಯವೂ ಇರಲಿಲ್ಲ. ಕಾಸಿಲ್ಡಾ ಬುತ್ತಿ ಕೆಳಗಿಟ್ಟು, ಪಕ್ಕದ ಕುದುರೆಯೇರಿ, ಕಮರಿಯ ಅಂಚಿನಲ್ಲಿ ಲಗಾಮು ಹಿಡಿದು ನಿಲ್ಲಿಸಿದರು. ಗಂಡನ ಜೀವ ಉಳಿದದ್ದಕ್ಕೆ ಇಲಾಖೆಗೆ ಸಂತೋಷವಿದೆ. ಅದು ಅನುಮತಿಯಿಲ್ಲದೆ ಉಳಿದದ್ದಕ್ಕೆ ತೀವ್ರ ವಿಷಾದವಿದೆ.

7. ಸ್ಥಳದಲ್ಲಿದ್ದ ಸಿವಿಲ್ ಗಾರ್ಡ್ ಹವಾಲ್ದಾರ್ ಹಿಲಾರಿಯೊ ಕರ್ತವ್ಯಪ್ರಜ್ಞೆಯಿಂದ, ಕುದುರೆ ಏರಿದ್ದಕ್ಕೆ ಗಂಡನ ಅನುಮತಿ ಪತ್ರವನ್ನು ಕಾಸಿಲ್ಡಾರಲ್ಲಿ ಕೇಳಿದರು. ಆಕೆಯ ಉತ್ತರ: “ನಿಮ್ ಮೂರನೇ ನಿಯಮ ಏನನ್ನುತ್ತೆ ನೋಡಿ ಸ್ವಾಮಿ. ಲಂಗ ಯಾರ ಮೈಮೇಲಿದೆ, ಪ್ಯಾಂಟ್ ಯಾರ ಮೈಮೇಲಿದೆ? ಕೊಡಿ ಇಲ್ಲಿ ಪೆನ್ನು.” ಹವಾಲ್ದಾರರು ನಿಯಮ ಓದಿದರು, ಇಬ್ಬರನ್ನೂ ನೋಡಿದರು, ಮತ್ತೆ ಓದಿದರು. ಆಕೆ ತನ್ನ ಕೆಲಸಕ್ಕೂ ಪಾಸ್‌ಪೋರ್ಟಿಗೂ ತಾನೇ ಸಹಿ ಹಾಕಿದರು. ಮೊಹರು ಒತ್ತಲಾಯಿತು.

8. ಎವಾರಿಸ್ತೊ ಆಕ್ಷೇಪಿಸಿದ್ದಾಗಿ ತಿಳಿದುಬಂದಿದೆ. ಆದರೆ ಸದರಿ ವೇಳೆಯಲ್ಲಿ ಆತ ಲಂಗದಲ್ಲಿದ್ದ ಕಾರಣ ಆತನು ಹೆಂಡತಿ. ಹೆಂಡತಿಯರ ಆಕ್ಷೇಪಣೆ ಬರೆದುಕೊಳ್ಳುವ ಪದ್ಧತಿ ಈ ಇಲಾಖೆಯಲ್ಲಿ ಹಿಂದೆಂದೂ ಇರಲಿಲ್ಲ, ಈಗಲೂ ಇಲ್ಲ.

9. ಆದ್ದರಿಂದ ನಿಯಮ 3ನ್ನು ಈ ಕೂಡಲೇ ಹಿಂಪಡೆಯಲಾಗಿದೆ. ಆದಾಗ್ಯೂ ಇಲಾಖೆಯ ಮೊಹರು ತಪ್ಪಾಗಿರಲು ಸಾಧ್ಯವಿಲ್ಲದ ಕಾರಣ, ಅದರಡಿ ನೀಡಿದ ಅನುಮತಿಯು ಊರ್ಜಿತವಿರುತ್ತದೆ. ಪ್ರಾಂತ್ಯದ ಸಮಸ್ತ ಗಂಡಂದಿರು ಇನ್ನು ಮುಂದೆ ಮನೆಯಿಂದ ಹೊರಡುವಾಗ ತಮ್ಮ ಪ್ಯಾಂಟುಗಳನ್ನು ಬೀಗದಲ್ಲಿಡತಕ್ಕದ್ದು.

(ಸಹಿ ಅಸ್ಪಷ್ಟ)
ಉಪ ನಿರ್ದೇಶಕರು
ಸದಾಚಾರ ಮತ್ತು ಮನರಂಜನೆ ಇಲಾಖೆ

ಪ್ರತಿಗಳು:

1. ಚಿತ್ರ ಕಂಪನಿಗೆ. ಕಮರಿಯ ದೃಶ್ಯವನ್ನು ಚಿತ್ರದಿಂದ ತೆಗೆಯಲು ಕೋರಿದೆ. (ಅದೇ ಚೆನ್ನಾಗಿ ಬಂದಿದೆ ಎಂದು ಉತ್ತರ ಬಂದಿದೆ.)

2. ಪಾದ್ರಿಗಳಿಗೆ, ಅಸಮಾಧಾನ ಮುಂದುವರಿಸುವ ಸಲುವಾಗಿ.

3. ಹವಾಲ್ದಾರ್ ಹಿಲಾರಿಯೊ ಅವರಿಗೆ, ಸಮುದ್ರದಂಚಿನ ದೀಪಸ್ತಂಭದ ಹೊಸ ವಿಳಾಸಕ್ಕೆ. ಅಲ್ಲಿ ಕುದುರೆಗಳಿಲ್ಲ.

4. ಎವಾರಿಸ್ತೊಗೆ. ಪ್ಯಾಂಟು ವಾಪಸು ಕೊಡಿಸುವಂತೆ ಸಲ್ಲಿಸಿದ ಅರ್ಜಿಯನ್ನು, ಅದರ ಮೇಲೆ ಗಂಡನ ಸಹಿಯಿಲ್ಲದ ಕಾರಣ, ತಿರಸ್ಕರಿಸಲಾಗಿದೆ.

5. ಶ್ರೀಮತಿ ಕಾಸಿಲ್ಡಾ ಅವರಿಗೆ. (ಹಿಂದೆ ಕಳುಹಿಸಿದ ನೋಟಿಸು ಅಂಚೆಯವನ ಷರಾದೊಂದಿಗೆ ಮರಳಿದೆ: “ಮನೇಲಿಲ್ಲ. ರೈಲು ಹತ್ತಿದ್ಲು. ದೋಚೋಕಲ್ಲ, ಟಿಕೆಟ್ ತಗೊಂಡೇ ಹತ್ತಿದ್ಲು.” ಆದ್ದರಿಂದ ಈ ಪ್ರತಿಯನ್ನು ಕಡತದಲ್ಲಿಯೇ ಇಡಲಾಗಿದೆ.)